ತರಗತಿ ಬೋಧನೆಯಲ್ಲಿ ಗಣಕ ಅನುಕರಣೆಗಳ ಬಳಕೆ – ಸಾರ್ವಜನಿಕರ ಮಾಹಿತಿಗಾಗಿ

1. ಪೀಠಿಕೆ

ಪ್ರೌಢಶಾಲೆಗಳಿಗೆ ಗಣಕಯಂತ್ರ ಮತ್ತು ಪ್ರೊಜೆಕ್ಟರ್‌ಗಳು ಬಂದ ನಂತರ ವಿಜ್ಞಾನ ಹಾಗೂ ಗಣಿತದ ಪಾಠಗಳನ್ನು ಗಣಕ ಅನುಕರಣೆಗಳ ನೆರವಿನಿಂದ ಬೋಧಿಸುವ ಪದ್ಧತಿ ರೂಢಿಗೆ ಬಂದಿದೆ. ಇವುಗಳನ್ನು ಸಿಮ್ಯುಲೇಷನ್‌ಗಳೆಂದೂ ಕರೆಯಲಾಗುತ್ತದೆ. ಇವುಗಳಿಂದ ಮಕ್ಕಳಿಗೆ ಆಗುವ ಪ್ರಯೋಜನವೇನು, ಇವುಗಳ ಮಿತಿಗಳೇನು, ಶಾಲೆಯಲ್ಲಿ ಈ ಸೌಲಭ್ಯವನ್ನು ಪಡೆಯಲು ಯಾರನ್ನು ಕೋರಬೇಕು ಎಂಬ ವಿಷಯಗಳನ್ನು ಪೋಷಕರು, ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್.ಡಿ.ಎಂ.ಸಿ.) ಸದಸ್ಯರು ಹಾಗೂ ಶಿಕ್ಷಕರ ಅನುಕೂಲಕ್ಕಾಗಿ ಈ ಕೆಳಗೆ ನೀಡಲಾಗಿದೆ.

ಪ್ರಾರಂಭದಲ್ಲಿಯೇ ಒಂದು ಅಂಶವನ್ನು ಸ್ಪಷ್ಟಪಡಿಸುವುದು ಅಗತ್ಯ. ಗಣಕ ಅನುಕರಣೆಯು ಪ್ರಯೋಗಾಲಯಕ್ಕೆ ಪೂರಕವೇ ಹೊರತು ಅದಕ್ಕೆ ಬದಲಿಯಲ್ಲ. ಶಾಲೆಯಲ್ಲಿ ಗಣಕಯಂತ್ರವಿದೆ ಎಂಬ ಕಾರಣಕ್ಕೆ ಪ್ರಯೋಗಾಲಯದ ಬೀರುವಿಗೆ ಬೀಗ ಹಾಕುವುದು ಸರಿಯಲ್ಲ. ಅಂತೆಯೇ, ಕೆಟ್ಟುಹೋದೀತೆಂಬ ಭಯದಿಂದ ಗಣಕಯಂತ್ರವನ್ನು ಬಟ್ಟೆ ಹೊದಿಸಿ ಇಡುವುದೂ ಸರಿಯಲ್ಲ. ಎರಡೂ ಸಂದರ್ಭಗಳಲ್ಲಿ ನಷ್ಟ ಮಕ್ಕಳಿಗೇ ಆಗುತ್ತದೆ.

2. ಗಣಕ ಅನುಕರಣೆ ಎಂದರೇನು?

ನಿಸರ್ಗದಲ್ಲಿ ಅಥವಾ ಯಂತ್ರದಲ್ಲಿ ನಡೆಯುವ ಒಂದು ಕ್ರಿಯೆಯನ್ನು ನಿಯಂತ್ರಿಸುವ ನಿಯಮಗಳನ್ನು ಗಣಿತದ ಸೂತ್ರಗಳ ರೂಪದಲ್ಲಿ ತಂತ್ರಾಂಶಕ್ಕೆ ಅಳವಡಿಸಿ, ಅದರ ಫಲಿತಾಂಶವನ್ನು ಪರದೆಯ ಮೇಲೆ ತೋರಿಸುವ ವಿಧಾನಕ್ಕೆ ಗಣಕ ಅನುಕರಣೆ ಎನ್ನುತ್ತಾರೆ. ಚಲನಚಿತ್ರಕ್ಕೂ ಇದಕ್ಕೂ ಮುಖ್ಯವಾದ ವ್ಯತ್ಯಾಸವಿದೆ. ಚಲನಚಿತ್ರವನ್ನು ಎಷ್ಟು ಬಾರಿ ನೋಡಿದರೂ ಅದು ಒಂದೇ ರೀತಿ ಇರುತ್ತದೆ. ಅನುಕರಣೆಯಲ್ಲಿ ವಿದ್ಯಾರ್ಥಿಯು ಒಂದು ಅಳತೆಯನ್ನು ಬದಲಾಯಿಸಿದರೆ ತಂತ್ರಾಂಶವು ಹೊಸದಾಗಿ ಲೆಕ್ಕ ಹಾಕಿ ಬೇರೆ ಫಲಿತಾಂಶವನ್ನು ತೋರಿಸುತ್ತದೆ.

ಉದಾಹರಣೆಗೆ, 1 ಮೀಟರ್ ಉದ್ದದ ಸರಳ ಲೋಲಕವು ಭೂಮಿಯ ಮೇಲೆ ಒಂದು ಆಂದೋಲನವನ್ನು ಪೂರ್ಣಗೊಳಿಸಲು ಸುಮಾರು 2 ಸೆಕೆಂಡು ತೆಗೆದುಕೊಳ್ಳುತ್ತದೆ. ಇದನ್ನು ದಾರ, ಕಲ್ಲು ಮತ್ತು ಗಡಿಯಾರದಿಂದ ತರಗತಿಯಲ್ಲಿಯೇ ಅಳೆಯಬಹುದು. ಅದೇ ಲೋಲಕವನ್ನು ಚಂದ್ರನ ಮೇಲೆ ತೂಗುಹಾಕಿದರೆ ಆಂದೋಲನದ ಅವಧಿಯು ಸುಮಾರು 4.9 ಸೆಕೆಂಡು ಆಗುತ್ತದೆ. ಈ ಎರಡನೆಯ ಪ್ರಯೋಗವನ್ನು ಯಾವ ಶಾಲೆಯೂ ಮಾಡಲಾರದು. ಅನುಕರಣೆಯಲ್ಲಿ ಗುರುತ್ವ ವೇಗೋತ್ಕರ್ಷದ ಬೆಲೆಯನ್ನು ಬದಲಾಯಿಸಿ ಇದನ್ನು ಕ್ಷಣಮಾತ್ರದಲ್ಲಿ ನೋಡಬಹುದಾಗಿದೆ.

3. ಹಿನ್ನೆಲೆ

ಅನುಕರಣೆಯ ಮೂಲಕ ತರಬೇತಿ ನೀಡುವ ಕ್ರಮವು ಗಣಕಯಂತ್ರಕ್ಕಿಂತ ಹಳೆಯದು. ಅಮೆರಿಕದ ಎಡ್ವಿನ್ ಲಿಂಕ್ ಅವರು 1929ರಲ್ಲಿ ವಿಮಾನ ಚಾಲಕರ ತರಬೇತಿಗಾಗಿ ನೆಲದ ಮೇಲೆಯೇ ಓಲಾಡುವ ಯಂತ್ರವೊಂದನ್ನು ನಿರ್ಮಿಸಿದರು. 1971ರಲ್ಲಿ ಅಮೆರಿಕದ ಮಿನ್ನೆಸೋಟ ರಾಜ್ಯದ ಮೂವರು ತರಬೇತಿನಿರತ ಶಿಕ್ಷಕರು ಚರಿತ್ರೆಯ ಪಾಠಕ್ಕಾಗಿ 'ಒರೆಗಾನ್ ಟ್ರೇಲ್' ಎಂಬ ಗಣಕ ಅನುಕರಣೆಯನ್ನು ರಚಿಸಿದರು. ವಲಸೆ ಹೊರಟ ಕುಟುಂಬವೊಂದರ ಆಹಾರ, ಹಣ ಮತ್ತು ಪ್ರಯಾಣದ ಬಗ್ಗೆ ವಿದ್ಯಾರ್ಥಿಗಳೇ ನಿರ್ಧಾರ ಕೈಗೊಳ್ಳುವಂತೆ ಅದನ್ನು ರೂಪಿಸಲಾಗಿತ್ತು. 2001ರ ನೊಬೆಲ್ ಪ್ರಶಸ್ತಿ ಪಡೆದ ಭೌತವಿಜ್ಞಾನಿ ಕಾರ್ಲ್ ವೀಮನ್ ಅವರು 2002ರಲ್ಲಿ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ 'ಫೆಟ್' ಯೋಜನೆಯನ್ನು ಪ್ರಾರಂಭಿಸಿದರು. ಇಂದು ಅನೇಕ ದೇಶಗಳ ಶಾಲೆಗಳಲ್ಲಿ ಈ ಯೋಜನೆಯ ಅನುಕರಣೆಗಳು ಬಳಕೆಯಲ್ಲಿವೆ.

ಕರ್ನಾಟಕದಲ್ಲಿ 2000ದ ದಶಕದ ಆರಂಭದಲ್ಲಿ 'ಮಾಹಿತಿ ಸಿಂಧು' ಯೋಜನೆಯ ಮೂಲಕ ಸರ್ಕಾರಿ ಪ್ರೌಢಶಾಲೆಗಳಿಗೆ ಗಣಕ ಶಿಕ್ಷಣವನ್ನು ತರಲಾಯಿತು. ಕೇಂದ್ರ ಸರ್ಕಾರವು 2004ರಲ್ಲಿ ಶಾಲೆಗಳಲ್ಲಿ ಮಾಹಿತಿ ಮತ್ತು ಸಂವಹನ ತಂತ್ರಜ್ಞಾನ ಯೋಜನೆಯನ್ನು ಪ್ರಾರಂಭಿಸಿತು. ಈ ಘಟಕವು 2018ರಿಂದ ಸಮಗ್ರ ಶಿಕ್ಷಣ ಯೋಜನೆಯ ಅಂಗವಾಗಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ವರ್ಚುವಲ್ ಪ್ರಯೋಗಾಲಯಗಳನ್ನು ರೂಪಿಸುವ ಬಗ್ಗೆ ಪ್ರಸ್ತಾಪವಿದೆ.

4. ಯಾವ ಪಾಠಗಳಿಗೆ ಉಪಯುಕ್ತ?

ಎಲ್ಲ ಪಾಠಗಳಿಗೂ ಅನುಕರಣೆ ಬೇಕಿಲ್ಲ. ಈ ಕೆಳಕಂಡ ಸಂದರ್ಭಗಳಲ್ಲಿ ಅದರ ಪ್ರಯೋಜನ ಹೆಚ್ಚು:

ಅ) ಕಣ್ಣಿಗೆ ಕಾಣದ ಕ್ರಿಯೆಗಳು: ಅನಿಲದ ಅಣುಗಳ ಚಲನೆ, ತಂತಿಯಲ್ಲಿ ಎಲೆಕ್ಟ್ರಾನ್‌ಗಳ ಪ್ರವಾಹ, ದ್ರಾವಣದಲ್ಲಿ ಅಯಾನುಗಳ ವರ್ತನೆ ಇತ್ಯಾದಿ.

ಆ) ಅತಿ ನಿಧಾನವಾದ ಕ್ರಿಯೆಗಳು: ಕಾರ್ಬನ್-14 ಸಮಸ್ಥಾನಿಯ ಅರ್ಧಾಯುಷ್ಯವು ಸುಮಾರು 5,730 ವರ್ಷಗಳು. ಅದರ ಕ್ಷಯವನ್ನು ಅನುಕರಣೆಯ ಮೂಲಕ ಒಂದು ನಿಮಿಷದಲ್ಲಿ ತೋರಿಸಬಹುದು.

ಇ) ಅಪಾಯಕಾರಿ ಕ್ರಿಯೆಗಳು: ವಿದ್ಯುತ್ ಹ್ರಸ್ವಮಂಡಲ, ವಿಕಿರಣಶೀಲ ವಸ್ತುಗಳು, ತೀವ್ರವಾದ ರಾಸಾಯನಿಕ ಕ್ರಿಯೆಗಳು.

ಈ) ಅನೇಕ ಬಾರಿ ಪುನರಾವರ್ತಿಸಬೇಕಾದ ಪ್ರಯೋಗಗಳು: ಗ್ರೆಗರ್ ಮೆಂಡಲ್ ಅವರು 1866ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಬಟಾಣಿಯ ಎರಡನೆಯ ಪೀಳಿಗೆಯ 7,324 ಬೀಜಗಳ ಪೈಕಿ 5,474 ದುಂಡಗೂ 1,850 ಸುಕ್ಕುಗಟ್ಟಿಯೂ ಇದ್ದವೆಂದು ದಾಖಲಿಸಿದ್ದಾರೆ. ಇದರ ಅನುಪಾತ 2.96:1. ಪಠ್ಯಪುಸ್ತಕದಲ್ಲಿ 3:1 ಎಂದು ಓದಿದ ವಿದ್ಯಾರ್ಥಿಯು ಅನುಕರಣೆಯಲ್ಲಿ 20 ಬೀಜಗಳನ್ನು ಪಡೆದಾಗ ಕೆಲವೊಮ್ಮೆ 13:7, ಕೆಲವೊಮ್ಮೆ 17:3 ಬರುವುದನ್ನು ಕಾಣುತ್ತಾನೆ. ಸಂಖ್ಯೆಯನ್ನು 2,000ಕ್ಕೆ ಹೆಚ್ಚಿಸಿದಾಗ ಅನುಪಾತವು 3:1ರ ಸಮೀಪಕ್ಕೆ ಬರುತ್ತದೆ. ಮೆಂಡಲ್ ಅವರು ಸಾವಿರಾರು ಬೀಜಗಳನ್ನು ಏಕೆ ಎಣಿಸಬೇಕಾಯಿತು ಎಂಬುದು ಆಗ ತಾನಾಗಿಯೇ ಅರ್ಥವಾಗುತ್ತದೆ.

ಬೀಜ ಮೊಳೆಯುವುದು, ಸುಣ್ಣದ ತಿಳಿನೀರು ಹಾಲಿನ ಬಣ್ಣಕ್ಕೆ ತಿರುಗುವುದು, ಕಾಂತವು ಕಬ್ಬಿಣದ ಪುಡಿಯನ್ನು ಸೆಳೆಯುವುದು ಮುಂತಾದ ಸುಲಭ ಹಾಗೂ ಸುರಕ್ಷಿತ ಪ್ರಯೋಗಗಳನ್ನು ಮಕ್ಕಳು ಕೈಯಾರೆ ಮಾಡುವುದೇ ಉತ್ತಮ. ಇವುಗಳನ್ನು ಪರದೆಯ ಮೇಲೆ ಮಾತ್ರ ತೋರಿಸುವುದರಿಂದ ಹೆಚ್ಚಿನ ಪ್ರಯೋಜನವಿಲ್ಲ.

5. ಮಿತಿಗಳು

ಪ್ರತಿಯೊಂದು ಅನುಕರಣೆಯೂ ಒಂದು ಮಾದರಿ. ಅದನ್ನು ರಚಿಸಿದವರು ಕೆಲವು ಅಂಶಗಳನ್ನು ಸೇರಿಸಿ ಕೆಲವನ್ನು ಬಿಟ್ಟಿರುತ್ತಾರೆ. ಬಿಟ್ಟಿರುವುದು ಯಾವುದು ಎಂದು ವಿದ್ಯಾರ್ಥಿಗೆ ತಿಳಿಸದಿದ್ದಲ್ಲಿ ತಪ್ಪು ಕಲ್ಪನೆಗಳು ಬೇರೂರುವ ಸಾಧ್ಯತೆ ಇದೆ. ಗಮನಿಸಬೇಕಾದ ಕೆಲವು ಅಂಶಗಳು ಇಂತಿವೆ:

ಅ) ವಿದ್ಯುತ್ ಮಂಡಲದ ಅನುಕರಣೆಯಲ್ಲಿ ಎಲೆಕ್ಟ್ರಾನ್‌ಗಳನ್ನು ಬಣ್ಣದ ಗುಂಡುಗಳಂತೆ ತೋರಿಸಲಾಗುತ್ತದೆ. ತಂತಿಯೊಂದರಲ್ಲಿ ಹತ್ತಿಪ್ಪತ್ತು ಗುಂಡುಗಳು ಮಾತ್ರ ಕಾಣುತ್ತವೆ. ವಾಸ್ತವವಾಗಿ 1 ಆಂಪಿಯರ್ ಪ್ರವಾಹವಿರುವಾಗ ತಂತಿಯ ಒಂದು ಅಡ್ಡಕೊಯ್ತದ ಮೂಲಕ ಪ್ರತಿ ಸೆಕೆಂಡಿಗೆ ಸುಮಾರು 6.24 × 10¹⁸ ಎಲೆಕ್ಟ್ರಾನ್‌ಗಳು ಹಾದುಹೋಗುತ್ತವೆ. ಅವುಗಳಿಗೆ ಬಣ್ಣವೂ ಇರುವುದಿಲ್ಲ.

ಆ) ಅನುಕರಣೆಯ ಬಲ್ಬಿನ ರೋಧವನ್ನು ಸಾಮಾನ್ಯವಾಗಿ ಸ್ಥಿರವೆಂದು ಇಟ್ಟುಕೊಳ್ಳಲಾಗಿರುತ್ತದೆ. ಆದುದರಿಂದ ವಿಭವಾಂತರ ಮತ್ತು ಪ್ರವಾಹದ ನಕ್ಷೆಯು ಸರಳರೇಖೆಯಾಗಿ ಬರುತ್ತದೆ. ನಿಜವಾದ ಟಾರ್ಚ್ ಬಲ್ಬಿನ ತಂತುವು ಕಾದಂತೆ ಅದರ ರೋಧವು ಹಲವು ಪಟ್ಟು ಹೆಚ್ಚುವುದರಿಂದ ನಕ್ಷೆಯು ಬಾಗುತ್ತದೆ.

ಇ) ಘರ್ಷಣೆಯನ್ನು ಸೊನ್ನೆಗೆ ಇಟ್ಟಾಗ ಅನುಕರಣೆಯ ಲೋಲಕವು ಎಂದಿಗೂ ನಿಲ್ಲುವುದಿಲ್ಲ. ಕೊಠಡಿಯಲ್ಲಿ ತೂಗುಹಾಕಿದ ಲೋಲಕವು ಕೆಲವು ನಿಮಿಷಗಳಲ್ಲಿ ನಿಲ್ಲುತ್ತದೆ.

ಈ) ಲೋಲಕದ ಅವಧಿಯು ಆಂದೋಲನದ ಪಾರವನ್ನು ಅವಲಂಬಿಸಿಲ್ಲ ಎಂಬ ನಿಯಮವು ಸಣ್ಣ ಕೋನಗಳಿಗೆ ಮಾತ್ರ ಅನ್ವಯಿಸುತ್ತದೆ. 60 ಡಿಗ್ರಿ ಕೋನದಿಂದ ಬಿಟ್ಟಾಗ ಅವಧಿಯು ಶೇಕಡ 7ರಷ್ಟು ಹೆಚ್ಚುತ್ತದೆ. ಸರಳೀಕೃತ ಸೂತ್ರವನ್ನು ಮಾತ್ರ ಬಳಸಿದ ಅನುಕರಣೆಗಳಲ್ಲಿ ಈ ವ್ಯತ್ಯಾಸ ಕಾಣಿಸುವುದಿಲ್ಲ.

ಉ) ತಂತಿಯ ಸಡಿಲ ಜೋಡಣೆ, ತುಕ್ಕು ಹಿಡಿದ ತುದಿ, ಬಳಲಿದ ಶುಷ್ಕಕೋಶ, ಅಳತೆಯ ದೋಷ ಮುಂತಾದವು ಪರದೆಯ ಮೇಲೆ ಇರುವುದಿಲ್ಲ. ಇವುಗಳನ್ನು ಗುರುತಿಸಿ ಸರಿಪಡಿಸುವುದೂ ವಿಜ್ಞಾನ ಕಲಿಕೆಯ ಭಾಗವೇ ಆಗಿದೆ.

6. ನೈಜ ಪ್ರಯೋಗ ಮತ್ತು ಅನುಕರಣೆ: ಅಧ್ಯಯನದ ಫಲಿತಾಂಶ

ಕೊಲರಾಡೊ ವಿಶ್ವವಿದ್ಯಾಲಯದ ನೋವಾ ಫಿಂಕೆಲ್‌ಸ್ಟೈನ್ ಮತ್ತು ಸಹೋದ್ಯೋಗಿಗಳು 2005ರಲ್ಲಿ ಈ ವಿಷಯದ ಬಗ್ಗೆ ಒಂದು ಅಧ್ಯಯನವನ್ನು ಪ್ರಕಟಿಸಿದರು. ಪ್ರಾರಂಭಿಕ ಭೌತಶಾಸ್ತ್ರ ತರಗತಿಯ ಕೆಲವು ವಿದ್ಯಾರ್ಥಿಗಳು ವಿದ್ಯುತ್ ಮಂಡಲದ ಪಾಠವನ್ನು ನಿಜವಾದ ಬಲ್ಬು, ತಂತಿ ಮತ್ತು ಮೀಟರ್‌ಗಳಿಂದ ಕಲಿತರು. ಉಳಿದವರು ಗಣಕ ಅನುಕರಣೆಯಿಂದ ಕಲಿತರು. ನಂತರ ಎಲ್ಲರಿಗೂ ನಿಜವಾದ ಉಪಕರಣಗಳಿಂದ ಮಂಡಲವನ್ನು ಜೋಡಿಸಿ, ಅದು ಕಾರ್ಯ ನಿರ್ವಹಿಸುವ ಬಗೆಯನ್ನು ವಿವರಿಸಲು ತಿಳಿಸಲಾಯಿತು. ಅನುಕರಣೆಯಿಂದ ಕಲಿತವರು ಜೋಡಣೆಯಲ್ಲಿಯೂ ವಿವರಣೆಯಲ್ಲಿಯೂ ಮುಂದಿದ್ದರು.

ಈ ಫಲಿತಾಂಶವನ್ನು ಪ್ರಯೋಗಾಲಯಗಳ ಅಗತ್ಯವೇ ಇಲ್ಲವೆಂದು ಅರ್ಥೈಸುವುದು ತಪ್ಪಾಗುತ್ತದೆ. ಉತ್ತಮವಾಗಿ ರಚಿಸಿದ ಅನುಕರಣೆಯನ್ನು ಸೂಕ್ತ ಪಾಠದಲ್ಲಿ, ಸೂಕ್ತ ಮಾರ್ಗದರ್ಶನದೊಂದಿಗೆ ಬಳಸಿದಾಗ ಮಾತ್ರ ಈ ಪ್ರಯೋಜನ ದೊರೆಯುತ್ತದೆ ಎಂಬುದು ಅಧ್ಯಯನದ ಸಾರ. ಬರಿಗಣ್ಣಿಗೆ ಕಾಣದ ಪ್ರವಾಹವನ್ನು ಪರದೆಯ ಮೇಲೆ ಕಂಡಿದ್ದುದು ಆ ವಿದ್ಯಾರ್ಥಿಗಳ ನೆರವಿಗೆ ಬಂದಿತೆಂದು ತಿಳಿಯಬಹುದು. ಆದರೆ ಅವರ ಪರೀಕ್ಷೆ ನಡೆದದ್ದು ನಿಜವಾದ ತಂತಿ ಮತ್ತು ಬಲ್ಬುಗಳ ಮೇಲೆಯೇ ಎಂಬುದನ್ನು ಗಮನಿಸಬೇಕು.

7. ತರಗತಿಯಲ್ಲಿ ಅನುಸರಿಸಬಹುದಾದ ಕ್ರಮ

ಊಹೆ, ವೀಕ್ಷಣೆ, ವಿವರಣೆ ಎಂಬ ಮೂರು ಹಂತಗಳ ಕ್ರಮವು ಶಿಕ್ಷಕರಲ್ಲಿ ಪ್ರಚಲಿತವಾಗಿದೆ. ವಿದ್ಯುತ್ ಮಂಡಲದ ಪಾಠಕ್ಕೆ 40 ನಿಮಿಷದ ಒಂದು ಅವಧಿಯನ್ನು ಈ ಕೆಳಕಂಡಂತೆ ಬಳಸಬಹುದು:

ಹಂತ 1 (5 ನಿಮಿಷ): ಶಿಕ್ಷಕರು ಒಂದು ಪ್ರಶ್ನೆಯನ್ನು ಮುಂದಿಡುವುದು. "ಒಂದು ಶುಷ್ಕಕೋಶಕ್ಕೆ ಒಂದೇ ಬಗೆಯ ಎರಡು ಬಲ್ಬುಗಳನ್ನು ಸರಣಿಯಲ್ಲಿ ಜೋಡಿಸಿದರೆ ಯಾವುದು ಹೆಚ್ಚು ಬೆಳಗುತ್ತದೆ?"

ಹಂತ 2 (5 ನಿಮಿಷ): ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಊಹೆಯನ್ನು ಕಾರಣ ಸಹಿತ ಟಿಪ್ಪಣಿ ಪುಸ್ತಕದಲ್ಲಿ ಬರೆಯುವುದು. ಕೋಶಕ್ಕೆ ಹತ್ತಿರವಿರುವ ಬಲ್ಬು ಪ್ರವಾಹವನ್ನು "ತಿಂದುಬಿಡುತ್ತದೆ", ಆದ್ದರಿಂದ ಅದೇ ಹೆಚ್ಚು ಬೆಳಗುತ್ತದೆ ಎಂದು ಅನೇಕ ಮಕ್ಕಳು ಬರೆಯುವುದುಂಟು. ಈ ಹಂತದಲ್ಲಿ ಸರಿ-ತಪ್ಪು ಹೇಳಬಾರದು.

ಹಂತ 3 (15 ನಿಮಿಷ): ಅನುಕರಣೆಯಲ್ಲಿ ಮಂಡಲವನ್ನು ಜೋಡಿಸುವುದು. ಎರಡೂ ಬಲ್ಬುಗಳು ಸಮನಾಗಿ ಬೆಳಗುವುದನ್ನು, ಅಮ್ಮೀಟರನ್ನು ಮಂಡಲದ ಯಾವ ಸ್ಥಳದಲ್ಲಿಟ್ಟರೂ ಒಂದೇ ಅಳತೆ ಬರುವುದನ್ನು ಮಕ್ಕಳೇ ಕಂಡುಕೊಳ್ಳುವುದು. ಒಬ್ಬರೇ ಮೌಸ್ ಹಿಡಿದಿರದಂತೆ ಸರದಿಯ ಮೇಲೆ ಅವಕಾಶ ನೀಡುವುದು. ಬಾಲಕಿಯರು ಹಾಗೂ ಹಿಂದಿನ ಸಾಲಿನ ಮಕ್ಕಳಿಗೆ ಸರದಿ ದೊರೆತಿದೆಯೇ ಎಂದು ವಿಶೇಷವಾಗಿ ಗಮನಿಸುವುದು.

ಹಂತ 4 (10 ನಿಮಿಷ): ಶುಷ್ಕಕೋಶ, ತಂತಿ ಮತ್ತು ಎರಡು ಟಾರ್ಚ್ ಬಲ್ಬುಗಳಿಂದ ಅದೇ ಮಂಡಲವನ್ನು ಮೇಜಿನ ಮೇಲೆ ಜೋಡಿಸುವುದು. ಬಲ್ಬುಗಳು ಸ್ವಲ್ಪ ಹೆಚ್ಚು-ಕಡಿಮೆ ಬೆಳಗಿದಲ್ಲಿ ಅದಕ್ಕೆ ಕಾರಣವೇನೆಂದು ಚರ್ಚಿಸುವುದು. ಒಂದೇ ಬಗೆಯೆಂದು ಮಾರಾಟವಾಗುವ ಬಲ್ಬುಗಳಲ್ಲಿಯೂ ಅಲ್ಪ ವ್ಯತ್ಯಾಸವಿರುತ್ತದೆ.

ಹಂತ 5 (5 ನಿಮಿಷ): ವಿದ್ಯಾರ್ಥಿಗಳು ತಮ್ಮ ಮೊದಲ ಊಹೆಯ ಕೆಳಗೆ, ಕಂಡದ್ದನ್ನೂ ಅದರ ಕಾರಣವನ್ನೂ ಬರೆಯುವುದು. ಮೊದಲ ಊಹೆಯನ್ನು ಅಳಿಸಬಾರದು.

ಊಹೆಯ ಹಂತವನ್ನು ಕೈಬಿಟ್ಟು ನೇರವಾಗಿ ಅನುಕರಣೆಯನ್ನು ತೋರಿಸಿದಲ್ಲಿ ಮಕ್ಕಳು ಅದನ್ನು ಆಟದಂತೆ ನೋಡಿ ಮರೆಯುವ ಸಂಭವವಿದೆ.

8. ಶುಲ್ಕವಿಲ್ಲದೆ ದೊರೆಯುವ ಸಂಪನ್ಮೂಲಗಳು

ಅ) ಫೆಟ್: ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ, ಗಣಿತ ಮತ್ತು ಭೂವಿಜ್ಞಾನದ ಅನುಕರಣೆಗಳು. ಕೆಲವು ಅನುಕರಣೆಗಳು ಕನ್ನಡದಲ್ಲಿಯೂ ಲಭ್ಯವಿವೆ. ಬಳಸುವ ಮೊದಲು ಆಯಾ ಅನುಕರಣೆಯ ಭಾಷೆಗಳ ಪಟ್ಟಿಯನ್ನು ನೋಡಿಕೊಳ್ಳಬೇಕು.

ಆ) ಓಲ್ಯಾಬ್ಸ್: ಅಮೃತ ವಿಶ್ವವಿದ್ಯಾಪೀಠ ಮತ್ತು ಸಿ-ಡ್ಯಾಕ್ ಸಂಸ್ಥೆಗಳು ಜಂಟಿಯಾಗಿ ರೂಪಿಸಿದ್ದು. 9ರಿಂದ 12ನೇ ತರಗತಿಯ ಪ್ರಯೋಗಗಳನ್ನು ಒಳಗೊಂಡಿದೆ.

ಇ) ವರ್ಚುವಲ್ ಲ್ಯಾಬ್ಸ್: 2009ರಲ್ಲಿ ಪ್ರಾರಂಭವಾದ ಮಾಹಿತಿ ಮತ್ತು ಸಂವಹನ ತಂತ್ರಜ್ಞಾನದ ಮೂಲಕ ಶಿಕ್ಷಣದ ರಾಷ್ಟ್ರೀಯ ಅಭಿಯಾನದ ಅಡಿಯಲ್ಲಿ, ದೆಹಲಿಯ ಐಐಟಿಯ ಸಮನ್ವಯದಲ್ಲಿ ರೂಪುಗೊಂಡಿದೆ. ಸುರತ್ಕಲ್‌ನ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆಯೂ ಇದರಲ್ಲಿ ಪಾಲ್ಗೊಂಡಿದೆ. ಇದು ಮುಖ್ಯವಾಗಿ ಎಂಜಿನಿಯರಿಂಗ್ ಮತ್ತು ವಿಜ್ಞಾನ ಪದವಿ ವಿದ್ಯಾರ್ಥಿಗಳಿಗೆ ಉಪಯುಕ್ತ.

ಈ) ಜಿಯೋಜಿಬ್ರಾ: ಆಸ್ಟ್ರಿಯಾದ ಮಾರ್ಕಸ್ ಹೋಹೆನ್‌ವಾರ್ಟರ್ ಅವರು 2001ರಲ್ಲಿ ಪ್ರಾರಂಭಿಸಿದ ಗಣಿತ ತಂತ್ರಾಂಶ. ರೇಖಾಗಣಿತ ಮತ್ತು ಬೀಜಗಣಿತದ ಪಾಠಗಳಿಗೆ ಸೂಕ್ತ.

ಉ) ದೀಕ್ಷಾ: ಕೇಂದ್ರ ಸರ್ಕಾರವು 2017ರ ಸೆಪ್ಟೆಂಬರ್‌ನಲ್ಲಿ ಪ್ರಾರಂಭಿಸಿದ ವೇದಿಕೆ. ಪಠ್ಯಪುಸ್ತಕಗಳಿಗೆ ಸಂಬಂಧಿಸಿದ ಡಿಜಿಟಲ್ ಸಾಮಗ್ರಿ ಇಲ್ಲಿ ಲಭ್ಯ.

9. ಬೇಕಾಗುವ ಸೌಲಭ್ಯಗಳು

ಒಂದು ಗಣಕಯಂತ್ರ ಮತ್ತು ಒಂದು ಪ್ರೊಜೆಕ್ಟರ್ ಇದ್ದಲ್ಲಿ ಇಡೀ ತರಗತಿಗೆ ಅನುಕರಣೆಯನ್ನು ತೋರಿಸಬಹುದು. ಗಣಕ ಕೊಠಡಿ ಇರುವ ಶಾಲೆಗಳಲ್ಲಿ ಒಂದು ಯಂತ್ರಕ್ಕೆ ಇಬ್ಬರು ಅಥವಾ ಮೂವರು ವಿದ್ಯಾರ್ಥಿಗಳನ್ನು ಕೂರಿಸುವುದು ಅನುಕೂಲಕರ. ಅಂತರ್ಜಾಲ ಸಂಪರ್ಕ ದುರ್ಬಲವಾಗಿರುವ ಗ್ರಾಮೀಣ ಶಾಲೆಗಳಲ್ಲಿ, ಹಿಂದಿನ ದಿನವೇ ಬೇರೆಡೆ ಅನುಕರಣೆಗಳನ್ನು ಇಳಿಸಿಕೊಂಡು ಪೆನ್‌ಡ್ರೈವ್‌ನಲ್ಲಿ ತಂದು ಬಳಸಬಹುದು. ಫೆಟ್ ಮತ್ತು ಜಿಯೋಜಿಬ್ರಾಗಳಲ್ಲಿ ಈ ಅವಕಾಶವಿದೆ. ವಿದ್ಯುತ್ ವ್ಯತ್ಯಯದ ಸಾಧ್ಯತೆ ಇರುವುದರಿಂದ ನೈಜ ಪ್ರಯೋಗದ ಸಾಮಗ್ರಿಯನ್ನು ಸಿದ್ಧವಾಗಿ ಇಟ್ಟುಕೊಳ್ಳುವುದು ಒಳ್ಳೆಯದು.

ಹಳೆಯ ಸಿ.ಡಿ.ಗಳ ಬಗ್ಗೆ ಸೂಚನೆ: 2000ದ ದಶಕದಲ್ಲಿ ತಯಾರಾದ ಅನೇಕ ಪಾಠಗಳು ಮತ್ತು ಅನುಕರಣೆಗಳು ಫ್ಲ್ಯಾಶ್ ತಂತ್ರಾಂಶವನ್ನು ಆಧರಿಸಿದ್ದವು. 2020ರ ಡಿಸೆಂಬರ್ 31ಕ್ಕೆ ಫ್ಲ್ಯಾಶ್ ಪ್ಲೇಯರ್‌ನ ಬೆಂಬಲ ಕೊನೆಗೊಂಡಿದ್ದು, ಇಂದಿನ ಬ್ರೌಸರ್‌ಗಳಲ್ಲಿ ಅವು ತೆರೆಯುವುದಿಲ್ಲ. ಇದರಿಂದ ಗಣಕಯಂತ್ರವೇ ಕೆಟ್ಟಿದೆ ಎಂದು ಭಾವಿಸಬೇಕಾಗಿಲ್ಲ. ಅದೇ ವಿಷಯದ ಹೊಸ ಅನುಕರಣೆಯನ್ನು ಬಳಸಬಹುದಾಗಿದೆ.

10. ಪೋಷಕರು ಮತ್ತು ಸಮಿತಿ ಸದಸ್ಯರು ಮಾಡಬಹುದಾದದ್ದು

ಅ) ಶಾಲೆಯಲ್ಲಿ ಗಣಕ ಕೊಠಡಿ ಮತ್ತು ವಿಜ್ಞಾನ ಪ್ರಯೋಗಾಲಯ ಇವೆರಡೂ ಬಳಕೆಯಲ್ಲಿವೆಯೇ ಎಂದು ಮುಖ್ಯ ಶಿಕ್ಷಕರಲ್ಲಿ ವಿಚಾರಿಸುವುದು. ತಮ್ಮ ಮಗುವು ಎರಡನ್ನೂ ವಾರದಲ್ಲಿ ಎಷ್ಟು ಬಾರಿ ಬಳಸಿದೆ ಎಂದು ಮಗುವನ್ನೇ ಕೇಳಿ ತಿಳಿಯುವುದು.

ಆ) ಯಂತ್ರಗಳ ದುರಸ್ತಿ, ವಿದ್ಯುತ್ ಸಂಪರ್ಕ ಅಥವಾ ಪ್ರಯೋಗ ಸಾಮಗ್ರಿಯ ಕೊರತೆ ಇದ್ದಲ್ಲಿ ವಿಷಯವನ್ನು ಸಮಿತಿಯ ಸಭೆಯಲ್ಲಿ ಮಂಡಿಸಿ ನಡಾವಳಿಯಲ್ಲಿ ದಾಖಲಿಸುವಂತೆ ಕೋರುವುದು.

ಇ) ಶಾಲಾ ಹಂತದಲ್ಲಿ ಪರಿಹಾರವಾಗದಿದ್ದಲ್ಲಿ ಕ್ಷೇತ್ರ ಶಿಕ್ಷಣಾಧಿಕಾರಿಯವರಿಗೆ ಲಿಖಿತ ಮನವಿ ಸಲ್ಲಿಸುವುದು. ಮನವಿಯಲ್ಲಿ ಶಾಲೆಯ ಹೆಸರು, ಗ್ರಾಮ, ಕೊರತೆಯ ವಿವರ ಮತ್ತು ಸಮಿತಿ ಸಭೆಯ ದಿನಾಂಕವನ್ನು ನಮೂದಿಸಿ, ಸ್ವೀಕೃತಿ ಪಡೆಯುವುದು.

ಈ) ದಾಖಲೆಗಳ ಮಾಹಿತಿ ಬೇಕಾದಲ್ಲಿ ಮಾಹಿತಿ ಹಕ್ಕು ಅಧಿನಿಯಮ, 2005ರ ಅಡಿಯಲ್ಲಿ ಸಂಬಂಧಪಟ್ಟ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಅರ್ಜಿ ಸಲ್ಲಿಸಬಹುದು. ಸಾಮಾನ್ಯವಾಗಿ 30 ದಿನಗಳೊಳಗೆ ಮಾಹಿತಿ ನೀಡಬೇಕಾಗುತ್ತದೆ. ಬಡತನ ರೇಖೆಗಿಂತ ಕೆಳಗಿರುವವರಿಗೆ ಶುಲ್ಕದಿಂದ ವಿನಾಯಿತಿ ಇದೆ.

11. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಅನುಕರಣೆಗಳಲ್ಲಿ ಅಭ್ಯಾಸ ಮಾಡಿದರೆ ಪ್ರಾಯೋಗಿಕ ಪರೀಕ್ಷೆಗೆ ಸಾಕಾಗುವುದೇ?
ಉತ್ತರ: ಸಾಕಾಗುವುದಿಲ್ಲ. ದ್ವಿತೀಯ ಪಿ.ಯು.ಸಿ. ಭೌತಶಾಸ್ತ್ರ, ರಸಾಯನಶಾಸ್ತ್ರ ಮತ್ತು ಜೀವಶಾಸ್ತ್ರದ ಪ್ರಾಯೋಗಿಕ ಪರೀಕ್ಷೆಗಳಲ್ಲಿ ವಿದ್ಯಾರ್ಥಿಯು ನಿಜವಾದ ಉಪಕರಣಗಳನ್ನು ಬಳಸಬೇಕಾಗುತ್ತದೆ. ಅನುಕರಣೆಯು ಪೂರ್ವಸಿದ್ಧತೆಗೆ ಮತ್ತು ಪುನರಾವರ್ತನೆಗೆ ಸಹಕಾರಿ.

ಪ್ರಶ್ನೆ: ಮನೆಯಲ್ಲಿ ಗಣಕಯಂತ್ರವಿಲ್ಲ. ಮೊಬೈಲ್‌ನಲ್ಲಿ ಬಳಸಬಹುದೇ?
ಉತ್ತರ: ಬಳಸಬಹುದು. ಫೆಟ್‌ನ ಹೊಸ ಅನುಕರಣೆಗಳು ಮೊಬೈಲ್ ಫೋನ್‌ನ ಬ್ರೌಸರ್‌ನಲ್ಲಿಯೂ ತೆರೆಯುತ್ತವೆ. ಆದರೆ ಪರದೆ ಚಿಕ್ಕದಿರುವುದರಿಂದ ಕೆಲವನ್ನು ಬಳಸುವುದು ಕಷ್ಟವಾಗಬಹುದು. ಮನೆಯಲ್ಲಿ ಸೌಲಭ್ಯವಿಲ್ಲದ ಮಕ್ಕಳಿಗೆ ತೊಂದರೆಯಾಗದಂತೆ, ಅನುಕರಣೆ ಆಧಾರಿತ ಗೃಹಪಾಠವನ್ನು ಕಡ್ಡಾಯಗೊಳಿಸದಿರುವುದು ಸೂಕ್ತ.

ಪ್ರಶ್ನೆ: ಅನುಕರಣೆಗಾಗಿ ಪೋಷಕರು ಹಣ ಪಾವತಿಸಬೇಕೇ?
ಉತ್ತರ: ಮೇಲೆ ಹೆಸರಿಸಿದ ಸಂಪನ್ಮೂಲಗಳನ್ನು ವಿದ್ಯಾರ್ಥಿಗಳು ಶುಲ್ಕವಿಲ್ಲದೆ ಬಳಸಬಹುದು. ಇದೇ ಬಗೆಯ ಸಾಮಗ್ರಿಗಾಗಿ ಹಣ ಕೇಳಿದಲ್ಲಿ, ಅದರ ಅಗತ್ಯವನ್ನು ಪೋಷಕರು ವಿಚಾರಿಸಬಹುದಾಗಿದೆ.

ಪ್ರಶ್ನೆ: ದೃಷ್ಟಿದೋಷವುಳ್ಳ ಮಕ್ಕಳು ಇವುಗಳನ್ನು ಬಳಸಲು ಸಾಧ್ಯವೇ?
ಉತ್ತರ: ಕೆಲವನ್ನು ಬಳಸಬಹುದು. ಫೆಟ್‌ನ ಕೆಲವು ಅನುಕರಣೆಗಳಲ್ಲಿ ಧ್ವನಿ ಸೂಚನೆ ಮತ್ತು ಕೀಲಿಮಣೆಯಿಂದಲೇ ನಿರ್ವಹಿಸುವ ವ್ಯವಸ್ಥೆ ಇದೆ. ಈ ಸೌಲಭ್ಯವಿಲ್ಲದ ಅನುಕರಣೆಗಳನ್ನು ಬಳಸುವಾಗ ಸಹಪಾಠಿಯೊಬ್ಬರು ಪರದೆಯ ಮೇಲಿನ ಬದಲಾವಣೆಯನ್ನು ಮಾತಿನಲ್ಲಿ ವಿವರಿಸುವಂತೆ ಜೋಡಿ ಮಾಡಬಹುದು. ಮೇಜಿನ ಮೇಲಿನ ನೈಜ ಸಾಮಗ್ರಿಯನ್ನು ಮುಟ್ಟಿ ತಿಳಿಯಲು ಈ ಮಕ್ಕಳಿಗೆ ಹೆಚ್ಚಿನ ಸಮಯ ನೀಡಬೇಕು.

ಪ್ರಶ್ನೆ: ಅನುಕರಣೆಯ ಫಲಿತಾಂಶವೂ ನೈಜ ಪ್ರಯೋಗದ ಫಲಿತಾಂಶವೂ ಬೇರೆಯಾದರೆ ಯಾವುದನ್ನು ನಂಬಬೇಕು?
ಉತ್ತರ: ಮೊದಲು ನೈಜ ಪ್ರಯೋಗದ ಜೋಡಣೆ ಮತ್ತು ಅಳತೆಗಳನ್ನು ಪುನಃ ಪರಿಶೀಲಿಸಬೇಕು. ಅವು ಸರಿಯಾಗಿದ್ದು ವ್ಯತ್ಯಾಸ ಉಳಿದಲ್ಲಿ, ಅನುಕರಣೆಯಲ್ಲಿ ಯಾವ ಅಂಶವನ್ನು ಬಿಡಲಾಗಿದೆ ಎಂದು ಹುಡುಕಬೇಕು. ನಿಜವಾಗಿ ನಡೆದದ್ದೇ ಅಂತಿಮ ಪ್ರಮಾಣ. ಮಗುವು ಇಂತಹ ವ್ಯತ್ಯಾಸವನ್ನು ತಾನಾಗಿ ಗುರುತಿಸಿ ಪ್ರಶ್ನೆ ಕೇಳಿದಲ್ಲಿ ಆ ಪ್ರಶ್ನೆಯನ್ನು ತಳ್ಳಿಹಾಕದೆ ತರಗತಿಯಲ್ಲಿ ಚರ್ಚೆಗೆ ತೆಗೆದುಕೊಳ್ಳಬೇಕು.

ಹೆಚ್ಚಿನ ವಿವರಗಳಿಗಾಗಿ ಸಾರ್ವಜನಿಕರು ಶಾಲೆಯ ಮುಖ್ಯ ಶಿಕ್ಷಕರನ್ನು ಅಥವಾ ಆಯಾ ತಾಲ್ಲೂಕಿನ ಕ್ಷೇತ್ರ ಶಿಕ್ಷಣಾಧಿಕಾರಿಯವರ ಕಛೇರಿಯನ್ನು ಕಛೇರಿ ವೇಳೆಯಲ್ಲಿ ಸಂಪರ್ಕಿಸಬಹುದಾಗಿದೆ. ಶಿಕ್ಷಕರು ತರಬೇತಿಗೆ ಸಂಬಂಧಿಸಿದ ಮಾಹಿತಿಯನ್ನು ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಯಿಂದ (ಡಯಟ್) ಪಡೆಯಬಹುದಾಗಿದೆ.